ಎಕರೆ ಲೆಕ್ಕಕ್ಕೆ ಮುಂಚೆ ದಿನದ ಲೆಕ್ಕ

ಕೊಡಗಿನಲ್ಲಿ ಚಿಕ್ಕದೊಂದು ತೋಟ ಮಾಡಬೇಕು ಅಂತಿದ್ದೇನೆ ಎಂದು ಯಾರ ಹತ್ತಿರ ಹೇಳಿದರೂ ಮೊದಲ ಪ್ರಶ್ನೆ ಒಂದೇ. "ಎಷ್ಟು ಎಕರೆ?" ಆಮೇಲೆ, "ರೇಟ್ ಏನ್ ಹೇಳ್ತಾರೆ?" ಅಲ್ಲಿಗೆ ಮಾತು ಮುಗಿಯುತ್ತದೆ. ನನ್ನ ಸೋದರಮಾವ ಮಾತ್ರ ಬೇರೆ ಕೇಳಿದರು. ಸುಂಟಿಕೊಪ್ಪದ ಹತ್ತಿರ ಅವರದ್ದೊಂದು ಹಳೇ ರೋಬಸ್ಟಾ ಕಾಫಿ ತೋಟ ಇದೆ, ತಗ್ಗಿನಲ್ಲಿ ಒಂದಿಷ್ಟು ಗದ್ದೆ. "ವರ್ಷಕ್ಕೆ ಎಷ್ಟು ದಿನ ಬರ್ತೀಯ? ಬರೋ ದಿನ ನೀನು ಆರಿಸ್ತೀಯೋ, ತೋಟ ಆರಿಸುತ್ತೋ?"

ನಾನು ಮೈಸೂರಿನಲ್ಲಿ ಆಫೀಸ್ ಕೆಲಸ ಮಾಡುವವಳು. ಶನಿವಾರ, ಭಾನುವಾರ ಬಿಡುವು. ವರ್ಷಕ್ಕಿಷ್ಟು ಅಂತ ರಜೆ. ವಾರದ ಕೊನೆಗೆ ಬಂದು ತೋಟ ನೋಡಿಕೊಂಡು ಹೋಗುವವರು ಕುಶಾಲನಗರದ ದಾರಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ಈ ಪ್ರಶ್ನೆ ನನಗೆ ಅಷ್ಟು ದೊಡ್ಡದು ಅನ್ನಿಸಿರಲಿಲ್ಲ. ಈಗ ಕೇಳಿದರೆ, ತೋಟ ಮಾಡುವ ಮುಂಚೆ ಕಲಿಯಬೇಕಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಪ್ರಶ್ನೆಯಲ್ಲೇ ಇದೆ ಅನ್ನುತ್ತೇನೆ.

ಮಾವ ಒಂದು ಷರತ್ತು ಹಾಕಿದರು. ಜಾಗ ನೋಡಲು ಹೊರಡುವ ಮುಂಚೆ, ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿನ ತನಕ ಅವರ ತೋಟದಲ್ಲಿ ಓಡಾಡಬೇಕು. ಸುಮ್ನೆ ಫೋಟೋ ತೆಗೆಯುವುದಕ್ಕಲ್ಲ, ಕೆಲಸಕ್ಕೆ ಕೈ ಹಾಕುವುದಕ್ಕೆ. ದುಡ್ಡು ಕೊಡುವುದಿಲ್ಲ, ಊಟ ಹಾಕುತ್ತಾರೆ. ಅತ್ತೆಯ ಕೈಯ ಪಂದಿಕರಿ, ಕಡುಬುಟ್ಟು ಸಿಗುವುದಾದರೆ ನಾನು ಇದಕ್ಕಿಂತ ಕೆಟ್ಟ ಷರತ್ತಿಗೂ ಒಪ್ಪುತ್ತಿದ್ದೆ.

ಓದಿ, ಕೇಳಿ ಕಲಿಯುವುದಕ್ಕೆ ಕೊಡಗಿನಷ್ಟು ಅನುಕೂಲ ಇರುವ ಜಿಲ್ಲೆ ಕಡಿಮೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಅದರ ಮೂಲ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನದು, 1925ರಷ್ಟು ಹಳೆಯದು. ಅದೇ ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರವೂ ಇದೆ. ಬೆಣ್ಣೆಹಣ್ಣು, ರಂಬುಟಾನ್ ಹಾಕಬೇಕು ಅನ್ನುವವರು ಅಲ್ಲಿಗೆ ಹೋಗುತ್ತಾರೆ. ಮೆಣಸು, ಏಲಕ್ಕಿಗೆ ಮಡಿಕೇರಿ ಹತ್ತಿರದ ಅಪ್ಪಂಗಳದ ಸಂಶೋಧನಾ ಕೇಂದ್ರ. ದಕ್ಷಿಣದವರಿಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಮರಗಳ ವಿಚಾರಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು. ಹೋಗಿ ಕೇಳಿದರೆ ಹೇಳುತ್ತಾರೆ. ಯಾವ ತಳಿ, ಎಷ್ಟು ಅಂತರ, ಎಷ್ಟು ಗೊಬ್ಬರ, ಯಾವ ರೋಗಕ್ಕೆ ಏನು, ಎಲ್ಲ ಸಿಗುತ್ತದೆ. ಇದನ್ನು ಬಿಟ್ಟು ಬರೀ ಯೂಟ್ಯೂಬ್ ನೋಡಿ ತೋಟಕ್ಕೆ ಇಳಿಯುವವರ ಧೈರ್ಯ ನನಗಂತೂ ಇಲ್ಲ.

ಆದರೆ ಅಲ್ಲಿ ಸಿಗುವ ಉತ್ತರಗಳು ಬೆಳೆಯ ಬಗ್ಗೆ. ಆ ಕೆಲಸದ ದಿನ ನಾನು ಎಲ್ಲಿರುತ್ತೇನೆ, ಕೈಗೆ ಆಳು ಸಿಗುತ್ತಾರೋ ಇಲ್ಲವೋ ಅನ್ನುವುದು ನನ್ನ ಪಾಡು. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್ ಒಳಗಿನವರೆಲ್ಲ ಸಣ್ಣ ಬೆಳೆಗಾರರು. ಅಂದರೆ ಹತ್ತಿರ ಹತ್ತಿರ 25 ಎಕರೆ ಇರುವ ನಮ್ಮ ಮಾವನ ಪಕ್ಕದ ತೋಟದವರೂ ಸಣ್ಣವರು, ಎರಡು ಎಕರೆ ಕನಸು ಕಾಣುತ್ತಿರುವ ನಾನೂ ಸಣ್ಣವಳು! ಅವರ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಇದ್ದಾರೆ, ಮೇಸ್ತ್ರಿ ಇದ್ದಾರೆ, ಆಳುಗಳಿಗೆಂದು ಕಟ್ಟಿದ ಲೈನ್‌ಮನೆ ತುಂಬ ಜನ ಇದ್ದಾರೆ. ನನ್ನ ಲೈನ್‌ಮನೆ ನಾನೇ.

ಹೂವಿನಿಂದಲೇ ಶುರು ಮಾಡುತ್ತೇನೆ. ರೋಬಸ್ಟಾ ಕೊಯ್ಲು ಡಿಸೆಂಬರಿನಲ್ಲಿ ಶುರುವಾಗಿ ಫೆಬ್ರವರಿ, ಕೆಲವು ಕಡೆ ಮಾರ್ಚ್‌ವರೆಗೂ ಎಳೆಯುತ್ತದೆ. ಕೊಯ್ದ ಮೇಲೆ ಗಿಡ ಸ್ವಲ್ಪ ಬಾಡಬೇಕು. ಆ ಒಣಗಿನಲ್ಲಿ ಮೊಗ್ಗು ಬಲಿಯುತ್ತದೆ. ಆಮೇಲೆ ಒಂದು ಒಳ್ಳೆಯ ಮಳೆ ಬೇಕು, ಒಂದರಿಂದ ಒಂದೂವರೆ ಇಂಚು. ನಮ್ಮ ಕಡೆ ಹೂಮಳೆ ಅನ್ನುವುದು ಅದನ್ನೇ. ಅದು ಬಂದು ಒಂದು ವಾರ, ಎಂಟು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಹೂ ಕಟ್ಟಿದ್ದು ಕಾಯಾಗಿ ನಿಲ್ಲಬೇಕಾದರೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು. ಆಕಾಶವನ್ನು ನಂಬುವವರು ಈಗ ಕಡಿಮೆ. ಕೆರೆ, ಪಂಪು, ಸ್ಪ್ರಿಂಕ್ಲರ್ ಇರುವವರು ತಾವೇ ನೀರು ಹೊಡೆಯುತ್ತಾರೆ.

ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ತೋಟದಲ್ಲಿ ಗೊತ್ತಾಗುವುದು ಬೇರೆ. ಫೆಬ್ರವರಿಯ ಒಂದು ಸಂಜೆ ಗುಡುಗಿ ಹತ್ತು ಹದಿನೈದು ಸೆಂಟು ಮಳೆ ಬಿತ್ತು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು, ಅಂದರೆ ಅದು ಅಂಗಳದ ಧೂಳು ಅಡಗುವಷ್ಟು ಮಳೆ. ಪಟ್ಟಣದಲ್ಲಿದ್ದರೆ ಆಹಾ ಅನ್ನುತ್ತೇವೆ. ಬಲಿತ ಮೊಗ್ಗಿಗೆ ಅದು ಅಪಾಯ. ಮೊಗ್ಗು ಅರ್ಧ ಉಬ್ಬುತ್ತದೆ, ಪೂರ್ತಿ ಅರಳುವಷ್ಟು ತೇವ ಸಿಗದೆ ಅಲ್ಲೇ ಕೆಡುತ್ತದೆ. ಆಗ ಉಳಿದ ನೀರನ್ನು ತಕ್ಷಣ ನಾವೇ ಕೊಡಬೇಕು. ಮುಂದಿನ ಶನಿವಾರ ಬಂದು ನೋಡೋಣ ಅನ್ನುವ ಹಾಗಿಲ್ಲ. ಆ ರಾತ್ರಿಯೇ ಮಾವ ಟಾರ್ಚ್ ಹಿಡಿದು ಪೈಪು ಜೋಡಿಸಲು ಹೊರಟರು. ನಾನು ಹಿಂದೆ ವಾಷರ್ ಡಬ್ಬ ಹಿಡಿದುಕೊಂಡು. ವರ್ಷದ ಫಸಲು ಆ ಎರಡು ದಿನದಲ್ಲಿ ತೀರ್ಮಾನವಾಗುತ್ತದೆ ಅನ್ನುವುದು ಅಲ್ಲಿ ನಿಂತಾಗ ಅರ್ಥವಾಗುವ ರೀತಿಯೇ ಬೇರೆ.

ನೀರಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಎರಡು ಎಕರೆಗೆ ಒಂದೂವರೆ ಇಂಚು ಹೂವಿನ ನೀರು ಕೊಡಲು ಮೂರು ಲಕ್ಷ ಲೀಟರ್ ಬೇಕು. ಎರಡನೇ ಸಲದ್ದು ಬೇರೆ. "ಕೆರೆ ಇದೆ ಮೇಡಂ" ಎಂದು ಜಾಗ ತೋರಿಸುವವರು ಹೇಳುವ ಕೆರೆ 30 ಅಡಿ ಉದ್ದ, 30 ಅಡಿ ಅಗಲ, 8 ಅಡಿ ಆಳ ಇದ್ದರೆ ಅದರಲ್ಲಿ ಹಿಡಿಯುವುದೇ ಎರಡು ಲಕ್ಷ ಲೀಟರ್. ಅದೂ ತುಂಬಿದ್ದರೆ. ಫೆಬ್ರವರಿ ಕೊನೆಯಲ್ಲಿ ಅದರಲ್ಲಿ ಎಷ್ಟಿರುತ್ತದೆ ಎಂದು ಕೇಳಿದರೆ ಬ್ರೋಕರ್‌ಗಳು ದೂರದ ಬೆಟ್ಟ ತೋರಿಸುತ್ತಾರೆ.

ಇನ್ನೊಂದು ವಿಷಯ. ಅರೇಬಿಕಾ ಗಿಡ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೋಬಸ್ಟಾ ಕಟ್ಟುವುದಿಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಕೊಡಗಿನ ಜೇನು ದೊಡ್ಡ ಹೆಸರು ಮಾಡಿದ್ದು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಹೂ ಅರಳಿದ ದಿನಗಳಲ್ಲಿ ಮಾವನ ತೋಟದಲ್ಲಿ ಔಷಧಿ ಕ್ಯಾನ್ ಮುಟ್ಟುವ ಹಾಗಿಲ್ಲ. ಎರಡು ಎಕರೆಯವಳಿಗೆ ನಾಲ್ಕು ಜೇನುಪೆಟ್ಟಿಗೆ ಇಡುವುದು ಕಷ್ಟವೇನಲ್ಲ. ನನ್ನ ಪಟ್ಟಿಯಲ್ಲಿ ಅದೂ ಇದೆ.

ಮಳೆಯ ಮಾತು ಬಂತಲ್ಲ. ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆಮಾಪಕ, ಒಳಗೊಂದು ಪುಸ್ತಕ ಇರುತ್ತದೆ. ಬೆಳಗ್ಗೆ ಎದ್ದು ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ಮಾವನ ಮನೆಯದು ಅವರ ಅಪ್ಪನ ಕಾಲದಿಂದ ಬಂದದ್ದು. ಮೊದಲ ಪುಸ್ತಕಗಳ ರಟ್ಟು ಗೆದ್ದಲು ತಿಂದು ಹೋಗಿದೆ, ಅಕ್ಷರ ಮಾತ್ರ ಗಟ್ಟಿಯಾಗಿದೆ. ಅಂಕಿಗಳ ಪಕ್ಕದಲ್ಲಿ ಅಲ್ಲಲ್ಲಿ ಚಿಕ್ಕ ಟಿಪ್ಪಣಿ. "ಹೂ ಸರಿಯಿಲ್ಲ." "ಕಣದಲ್ಲಿ ಕಾಫಿ ನೆನೆಯಿತು." "ನಾಟಿ ತಡ." ಫೆಬ್ರವರಿ, ಮಾರ್ಚ್ ಪುಟಗಳನ್ನಷ್ಟೇ ನಾನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಸರಿಯಾದ ಹೊತ್ತಿಗೆ ಸರಿಯಾದಷ್ಟು ಮಳೆ ಬಂದ ವರ್ಷಗಳು ಕಣ್ಣಿಗೆ ಬೀಳುವಷ್ಟು ಕಡಿಮೆ. ಜಾಗ ನೋಡಲು ಹೋದಲ್ಲೆಲ್ಲ ಈಗ ನಾನು ಪಹಣಿಯ ಜೊತೆ ಮಳೆ ಪುಸ್ತಕವನ್ನೂ ಕೇಳುತ್ತೇನೆ. ಅವರ ಬಳಿ ಇಲ್ಲದಿದ್ದರೆ ಪಕ್ಕದ ತೋಟದವರದ್ದಾದರೂ ಆಗುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್ ಇಳಿಯುವಷ್ಟರಲ್ಲಿ ಮಳೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಭಾಗಮಂಡಲದವರ ಬುದ್ಧಿಮಾತು ಕುಶಾಲನಗರದ ಪಕ್ಕದ ಜಾಗಕ್ಕೆ ಯಾವ ಕೆಲಸಕ್ಕೂ ಬರುವುದಿಲ್ಲ. ಜಿಲ್ಲೆ ಒಂದೇ ಅಂತ ಎಲ್ಲರ ಮಾತನ್ನೂ ಕೇಳುತ್ತಾ ಕೂತರೆ ತಲೆ ಕೆಡುತ್ತದೆ ಅಷ್ಟೇ.

ಎರಡನೆಯ ಗಡಿಬಿಡಿ ಮೇ ತಿಂಗಳಿನದು. ಮುಂಗಾರು ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಕಾಫಿ ಎಲೆಗೆ ತುಕ್ಕು ರೋಗ ಬಾರದ ಹಾಗೆ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದ ಹಾಗೆ. ಬೆಳಗ್ಗೆ ಎಲೆ ಒಣಗಿರಬೇಕು, ಹೊಡೆದ ಮೇಲೆ ಕೆಲವು ಗಂಟೆ ಮಳೆ ಬರಬಾರದು. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇದ್ದೇ ಇರುತ್ತದೆ. ಅಂದರೆ ಸಿಗುವುದು ದಿನಕ್ಕೆ ನಾಲ್ಕೈದು ಗಂಟೆ.

ಇದನ್ನು ನಾನು ಹಟ ಹಿಡಿದು ಕಲಿತೆ. 200 ಲೀಟರಿನ ಡ್ರಮ್ಮು. ಕಾಫಿಗೆ ಅರ್ಧ ಪರ್ಸೆಂಟ್ ಸಾಕು, ಹಾಗಾಗಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೆಣಸಿಗೆ ಒಂದು ಪರ್ಸೆಂಟ್, ಎರಡೂ ಎರಡೆರಡು ಕಿಲೋ. ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ರಾತ್ರಿಯೇ ಪ್ಲಾಸ್ಟಿಕ್ ಬಕೆಟಿನ ನೀರಿನಲ್ಲಿ ತೇಲಿಬಿಟ್ಟರೆ ಬೆಳಗ್ಗೆಗೆ ಕರಗಿರುತ್ತದೆ. ಕಬ್ಬಿಣದ ಪಾತ್ರೆ ಮುಟ್ಟುವ ಹಾಗಿಲ್ಲ. ಸುಣ್ಣವನ್ನು ಬೇರೆಯೇ ಕಲಸಿ ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ನಾಝಲ್ ಕಟ್ಟಿಕೊಂಡು ಅರ್ಧ ದಿನ ಅದರ ಬಾಯಿ ಊದುವುದರಲ್ಲೇ ಹೋಗುತ್ತದೆ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕೋಲಿನಲ್ಲಿ ತಿರುಗಿಸಬೇಕು. ತಿಳಿನೀಲಿ ಬಣ್ಣ ಬರುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಮಾವ ಮಸೆದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ತೆಗೆದರು. ಅಲಗಿನ ಮೇಲೆ ಹೊಸ ತಾಮ್ರದ ಚೊಂಬಿನ ಬಣ್ಣ ಹತ್ತಿತ್ತು. ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಒಂದು ಚಿಪ್ಪು ಸುಣ್ಣದ ನೀರು ಹಾಕಿ ತಿರುಗಿಸಿ, ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿದರು. ಈ ಸಲ ಕಬ್ಬಿಣ ಕಬ್ಬಿಣವಾಗಿಯೇ ಬಂತು. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಈ ಕೆಲಸಕ್ಕೆ ಬಾಡಿಗೆಗೆ ಸಿಗುವ ತಂಡಗಳಿವೆ. ಮೋಟಾರು, ಪೈಪು, ಜನ ಎಲ್ಲ ಅವರದ್ದೇ. ಆದರೆ ಮೇ ತಿಂಗಳ ಆ ಎರಡು ಮೂರು ವಾರದಲ್ಲಿ ಅವರು ಇಡೀ ಊರಿಗೆ ಬೇಕು. 20 ಎಕರೆಯವರು ಕರೆದರೆ ಒಂದು ವಾರದ ಕೆಲಸ, ನಾನು ಕರೆದರೆ ಅರ್ಧ ದಿನದ್ದು. ಯಾರ ಮನೆಗೆ ಮೊದಲು ಹೋಗುತ್ತಾರೆ ಹೇಳಿ? ಅವರದ್ದೇನೂ ತಪ್ಪಿಲ್ಲ. ಮರಗಸಿಗೂ ಇದೇ ಕಥೆ. ಹಾಲುವಾಣ, ಅತ್ತಿ ಮರಗಳ ಕೊಂಬೆ ಸವರಿ ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೆಳಕು ಗಾಳಿ ಬಿಡುವ ಕೆಲಸ ಅದು. ಮರ ಹತ್ತುವವರು ಈಗ ಊರಿಗೆ ಒಬ್ಬಿಬ್ಬರು. ಮೆಣಸು ಕೊಯ್ಯಲು ಏಣಿ ಹತ್ತುವವರೂ ಅಷ್ಟೇ. ಸಣ್ಣ ತೋಟದವರು ಸರದಿಯಲ್ಲಿ ಯಾವತ್ತೂ ಕೊನೆಯವರು. ಅದಕ್ಕೇ, ತಡವಾದರೆ ಕೆಡುವ ಕೆಲಸಗಳನ್ನು ನಾವೇ ಮಾಡಲು ಬರಬೇಕು. ಮರ ಹತ್ತುವುದು ನನ್ನಿಂದಾಗದು. ಅದನ್ನು ಬಿಟ್ಟು.

ಜಾಗ ನೋಡುವುದರ ಬಗ್ಗೆ ಒಂದು ಮಾತು. ತೋಟ ತೋರಿಸುವವರಿಗೆ ಇಷ್ಟದ ಕಾಲ ಎರಡು. ಹೂವಿನ ಕಾಲ, ಹಣ್ಣಿನ ಕಾಲ. ನೀವು ಕಕ್ಕಡದಲ್ಲಿ ಹೋಗಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮನೆಯವರೇ ಒಲೆ ಬಿಟ್ಟು ಏಳದ ಹೊತ್ತು. ಕಾಲಿಗೆ ಜಿಗಣೆ ಹತ್ತುತ್ತದೆ, ಹತ್ತಲಿ. ಆಗ ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ಕಾಣುತ್ತದೆ. ಬೇಸಿಗೆಯಲ್ಲಿ ಚೆಂದ ಕಾಣುವ ಮಟ್ಟಸ ಜಾಗದಲ್ಲಿ ಪಾದ ಹೂತುಹೋಗುತ್ತದೆ, ಅಲ್ಲಿ ಬಸಿಗಾಲುವೆ ತೆಗೆಯದಿದ್ದರೆ ಕಾಫಿ ಉಳಿಯದು. ಜೀಪಿನ ದಾರಿ ಇದೆಯೋ ಹಳ್ಳವೋ ಎಂದು ಗೊತ್ತಾಗುತ್ತದೆ. ಒತ್ತಾಗಿ ಬೆಳೆದ ಗಿಡಗಳ ಒಳಗೆ ಬಗ್ಗಿ ನೋಡಿದರೆ ಕೊಳೆರೋಗದ ಎಲೆ ಕಾಣುತ್ತದೆ. ಕಪ್ಪಾಗಿ ಕೊಳೆತ ಎಲೆ ಕೊಂಬೆಯಿಂದ ಬಿಟ್ಟಿರುತ್ತದೆ, ಆದರೂ ಬೀಳುವುದಿಲ್ಲ. ಶಿಲೀಂಧ್ರದ ತೆಳ್ಳನೆ ಎಳೆಯೊಂದರಲ್ಲಿ ಜೋತಾಡುತ್ತಿರುತ್ತದೆ. ಅಂಥ ಎಲೆ ಜಾಸ್ತಿ ಕಂಡರೆ ಆ ತೋಟದಲ್ಲಿ ಮರಗಸಿ, ಕಾಫಿ ಗಿಡ ಸವರುವ ಕೆಲಸ ನಡೆದು ಬಹಳ ಕಾಲವಾಗಿದೆ ಎಂದು ತಿಳಿಯಬಹುದು. ಮಾಲೀಕರು ಏನೇ ಹೇಳಲಿ.

2018ರ ಆಗಸ್ಟ್ ಆದ ಮೇಲಂತೂ ಮಳೆಗಾಲದಲ್ಲಿ ನೋಡದೆ ಕೊಡಗಿನ ಇಳಿಜಾರಿನ ಜಾಗ ಕೊಳ್ಳುವುದು ನನಗೆ ಹುಚ್ಚು ಧೈರ್ಯ ಅನ್ನಿಸುತ್ತದೆ. ಆ ವರ್ಷ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ತೋಟ ಸಮೇತ ಇಳಿದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ದಾರಿಗೆ, ಮನೆಗೆ ಅಂತ ಬೆಟ್ಟದ ಬುಡವನ್ನು ನೆಟ್ಟಗೆ ಕೊರೆದದ್ದು, ನೀರಿನ ಹಳೆಯ ಹಾದಿಗೆ ಮಣ್ಣು ತುಂಬಿದ್ದು ಕಂಡರೆ ಅಲ್ಲಿಂದಲೇ ವಾಪಸ್ ಬರುವುದು ವಾಸಿ. ಕಾಫಿ ಸಾಲಿನ ಮಧ್ಯೆ ತೊಟ್ಟಿಲು ಗುಂಡಿ ತೆಗೆದು ನೀರು ಇಂಗಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ತೀರಾ ಕಡಿದಾದ ಇಳಿಜಾರಿನಲ್ಲಿ, ಮೊದಲೇ ನೆನೆದ ಮಣ್ಣಿಗೆ ಇನ್ನಷ್ಟು ನೀರು ಕುಡಿಸುವ ಮುಂಚೆ ಗೊತ್ತಿದ್ದವರನ್ನು ಕರೆದು ತೋರಿಸಬೇಕು.

ಕಾಗದಪತ್ರದ ಬಗ್ಗೆ ಬರೆಯಲು ಹೊರಟರೆ ಅದೇ ಇನ್ನೊಂದು ಬರಹ. ಚುಟುಕಾಗಿ ಹೇಳುತ್ತೇನೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ಕೊಡಗಿನ ಜಾಗಕ್ಕೆ ಅದರದ್ದೇ ತೊಡಕುಗಳಿವೆ. ಜಮ್ಮಾ, ಅಂದರೆ ತಲೆಮಾರಿನಿಂದ ಬಂದ ಜಾಗವಾದರೆ ಅದು ಒಕ್ಕದ್ದು, ಇಡೀ ಕುಟುಂಬದ್ದು, ಒಬ್ಬರ ಸಹಿ ಸಾಲದು. ಬಾಣೆ ಮೊದಲಿಗೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟದ್ದು. ಅದರ ಹಕ್ಕೇ ಬೇರೆ. ಸಾಗು ಜಾಗವಾದರೆ ರಿಡೀಮ್ಡ್ ಹೌದೋ ಅಲ್ಲವೋ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದೆಯೋ ಇಲ್ಲವೋ ಕೇಳಬೇಕು. ಅಲ್ಲದಿದ್ದರೆ ಮಣ್ಣು ನಿಮ್ಮದು, ಅದರ ಮೇಲೆ ನಿಂತ ಬೀಟೆ, ಮತ್ತಿ, ನಂದಿ ಮರದ ಬೆಲೆ ಸರ್ಕಾರದ್ದು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇದೇ ಕೆಲಸ ಮಾಡುವ ವಕೀಲರಿಗೆ ಫೀಸು ಕೊಟ್ಟು ತೋರಿಸಿ. ಅಲ್ಲಿ ಉಳಿಸುವ ದುಡ್ಡು ಉಳಿತಾಯ ಅಲ್ಲ.

ಮಣ್ಣು ಪರೀಕ್ಷೆ ಇನ್ನೂ ಸುಲಭ, ಆದರೂ ಮಾಡಿಸುವವರು ಕಡಿಮೆ. ತೋಟದ ಹದಿನೈದು ಇಪ್ಪತ್ತು ಕಡೆಯಿಂದ ಒಂಬತ್ತು ಇಂಚು ಆಳದವರೆಗಿನ ಮಣ್ಣು ತೆಗೆದು, ಕಲಸಿ, ಕೊನೆಗೆ ಅರ್ಧ ಕಿಲೋ ಕೊಟ್ಟರೆ ಆಯಿತು. ಗೊಬ್ಬರಗುಂಡಿಯ ಪಕ್ಕದ್ದು ಬೇಡ. ಮಳೆ ಜಾಸ್ತಿ ಇರುವ ನಮ್ಮ ಮಣ್ಣು ಹುಳಿಯಾಗುತ್ತಲೇ ಇರುತ್ತದೆ. ಸುಣ್ಣ ಎಷ್ಟು ಹಾಕಬೇಕೆಂಬುದು ಆ ಕಾಗದ ನೋಡಿಯೇ ಗೊತ್ತಾಗಬೇಕು, ಪಕ್ಕದವರನ್ನು ನೋಡಿ ಅಲ್ಲ.

ಅರೇಬಿಕಾ ಬೇಕೋ ರೋಬಸ್ಟಾವೋ ಎಂದು ತುಂಬಾ ಜನ ಕೇಳುತ್ತಾರೆ. ಅರೇಬಿಕಾದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಏಪ್ರಿಲ್, ಮೇನಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿ ಹಾರಾಡುತ್ತದೆ. ಬಿಸಿಲು ಬೀಳುವ ಕಾಂಡವೇ ಅದಕ್ಕೆ ಇಷ್ಟ. ಗಿಡ ಗಿಡ ನೋಡುತ್ತಾ, ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯೇ ಎಂದು ಕೈಯಾಡಿಸುತ್ತಾ ನಡೆಯಬೇಕು, ಸಿಕ್ಕಿದ್ದನ್ನು ಕಿತ್ತು ಸುಡಬೇಕು. ದಿನಾ ತೋಟದಲ್ಲಿರುವವರ ಬೆಳೆ ಅದು. ವಾರದ ಬೆಳೆಗಾರ್ತಿಗೆ ರೋಬಸ್ಟಾನೇ ಸರಿ ಎಂದು ನಾನು ಅಲ್ಲಿಗೇ ಬಿಟ್ಟೆ.

ಕೊಯ್ಲಿನ ಕಾಲದ ಗಡಿಬಿಡಿ ಎಲ್ಲರಿಗೂ ಗೊತ್ತಿರುವುದೇ. ನನಗೆ ಹೊಸದಾಗಿ ಕಂಡದ್ದು ಕಣ. ಕೊಯ್ದ ಹಣ್ಣನ್ನು ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ಎಳೆದು, ಸಂಜೆ ರಾಶಿ ಮಾಡಿ ಮುಚ್ಚಿ, ಬೆಳಗ್ಗೆ ಮತ್ತೆ ಹರಡಬೇಕು. ಎರಡು ವಾರ ಬಿಸಿಲು ಬೇಕು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಗಿಲ ಅನ್ನಬೇಕು. ನೂರು ಕಿಲೋ ಹಣ್ಣು ಒಣಗಿ ಚೆರಿಯಾಗುವಾಗ ಅರ್ಧಕ್ಕೂ ಕಡಿಮೆ ತೂಗುತ್ತದೆ. ಮಾರುವಾಗ ಚೀಲಕ್ಕೆ ರೇಟು ಅಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ವ್ಯಾಪಾರಿ ಸ್ಯಾಂಪಲ್ ಕುಟ್ಟಿ ಔಟ್‌ಟರ್ನ್ ನೋಡುತ್ತಾನೆ. 50 ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕ. 26 ಇದ್ದರೆ ಒಂದು ರೇಟು, 28 ಇದ್ದರೆ ಇನ್ನೊಂದು. ಹಸಿ ಇದ್ದರೆ ಮೀಟರು ಹೇಳಿಬಿಡುತ್ತದೆ. 2021ರ ಜನವರಿಯಲ್ಲಿ ಮಳೆ ಬಂದು ಎಷ್ಟೋ ಜನರ ಕಣದ ಕಾಫಿ, ಗಿಡದ ಹಣ್ಣು ಎರಡೂ ಕೆಟ್ಟವು. ಹಾಗಾಗಿ ಕಣದ ಪಕ್ಕ ಹೊತ್ತು ಹೊತ್ತಿಗೆ ಮನುಷ್ಯರಿರಬೇಕು. ನನ್ನ ಆಫೀಸಿನಲ್ಲಿ ಕೂತು ಕಣಕ್ಕೆ ಟಾರ್ಪಾಲ್ ಹೊದಿಸಲು ಆಗುವುದಿಲ್ಲ.

ಇದರ ಮೇಲೆ ಆನೆ. ನಮ್ಮ ಕಡೆ ಬೆಳಗ್ಗೆ ಎದ್ದು ಮೊದಲು ನೋಡುವುದು ಊರಿನ ವಾಟ್ಸಾಪ್ ಗುಂಪು. ಎರಡು ಮರಿ, ಐದು ದೊಡ್ಡವು, ಇಂಥವರ ತೋಟದಲ್ಲಿ. ಅವು ದಾಟುವವರೆಗೆ ಯಾರೂ ಕೆಲಸಕ್ಕೆ ಇಳಿಯುವುದಿಲ್ಲ, ಇಳಿಯಲೂ ಬಾರದು. ಆನೆ ತುಳಿದ ಗಿಡ, ಮುರಿದ ಬಾಳೆಯ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅದು ತಿಂದುಹಾಕುವ ದಿನಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಬೋರ್ಡೋ ಹೊಡೆಯಲು ಸಿಕ್ಕ ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಆನೆಯದ್ದಾದರೆ ಏನು ಮಾಡುತ್ತೀರಿ? ಆನೆ ಬರುತ್ತದೆಂದು ಹಲಸನ್ನು ಎಳೆಯದರಲ್ಲೇ ಕಡಿದುಹಾಕುವವರಿದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಆದರೆ ಮನೆ ಪಕ್ಕದಲ್ಲೇ ಹಲಸಿನ ಮರವಿರುವ ಜಾಗ ಬೇಡ ಎನ್ನುವಷ್ಟು ಬುದ್ಧಿ ಬಂದಿದೆ.

ಇಷ್ಟೆಲ್ಲ ಓಡಾಡಿದ ಮೇಲೆ ನಾನು ಮಾಡಿಕೊಂಡದ್ದು ಒಂದು ದೊಡ್ಡ ಡ್ರಾಯಿಂಗ್ ಹಾಳೆ. ವರ್ಷದ ಕೆಲಸಗಳೆಲ್ಲ ಒಂದು ಕಡೆ. ಪ್ರತಿ ಕೆಲಸದ ಎದುರು ಎರಡು ಪ್ರಶ್ನೆ. ಇದನ್ನು ನಾನು ಮಾಡಬಲ್ಲೆನಾ? ಒಂದು ವಾರ ತಡವಾದರೆ ಏನು ಹಾಳಾಗುತ್ತದೆ? ಎರಡನೇ ಪ್ರಶ್ನೆಗೆ ಉತ್ತರ ಬರೆಯುತ್ತಾ ಹೋದ ಹಾಗೆ ಕೆಲಸಗಳು ತಾವೇ ಬೇರೆ ಬೇರೆಯಾದವು. ಕಳೆ ಹೊಡೆಯುವುದು ಒಂದು ವಾರ ತಡವಾದರೆ ಏನೂ ಆಗದು, ಸ್ವಲ್ಪ ಜಾಸ್ತಿ ಬೆಳೆದಿರುತ್ತದೆ. ಚಿಗುರು ತೆಗೆಯುವುದೂ ಹಾಗೇ. ಗೊಬ್ಬರಕ್ಕೆ ಒಂದಿಷ್ಟು ಸಡಿಲ ಇದೆ. ಬೋರ್ಡೋ ತಡವಾದರೆ ಬಳ್ಳಿ ಹೋಗಬಹುದು. ಹೂವಿನ ನೀರು ತಡವಾದರೆ ವರ್ಷವೇ ಹೋಗುತ್ತದೆ. ಕಣ, ದಿನ ಅಲ್ಲ, ಗಂಟೆಯ ಲೆಕ್ಕ. ತಡವಾದರೆ ಹಾಳಾಗುವ ಕೆಲಸಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅದಕ್ಕೆ ಬೇಕಾದ ದಿನಗಳನ್ನು ಕೂಡಿಸಿ, ಪಕ್ಕದಲ್ಲಿ ನನ್ನ ರಜೆಯ ಲೆಕ್ಕ ಇಟ್ಟೆ.

ಐದು ಎಕರೆ ಆಗುವುದಿಲ್ಲ. ಮೂರೂ ಆಗುವುದಿಲ್ಲ. ಎರಡು ಎಕರೆ ಒಳಗಾದರೆ, 10 ಅಡಿಗೊಂದರಂತೆ ಎಕರೆಗೆ 435 ಗಿಡದ ಹಾಗೆ, ಕೆಂಪು ಶಾಯಿಯ ಕೆಲಸಗಳನ್ನೆಲ್ಲ ನಾನು ಮತ್ತು ಒಬ್ಬರು ಕಾಯಂ ಆಳು ಸೇರಿ ಮುಗಿಸಬಹುದು. ಕೊಯ್ಲಿಗೆ ಮಾತ್ರ ಕಿಲೋ ಲೆಕ್ಕದಲ್ಲಿ ಜನ ಬೇಕು. 2024ರಲ್ಲಿ ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದಾಗ ಊರಿನವರೆಲ್ಲ ಇನ್ನೂ ಎರಡು ಎಕರೆ ಜಾಸ್ತಿ ಮಾಡು ಅಂದರು. ಅದಕ್ಕೆ ಕೆಲವೇ ವರ್ಷ ಮುಂಚೆ ಅದರ ಅರ್ಧ ರೇಟೂ ಇರಲಿಲ್ಲ. ರೇಟು ಏರಿದರೂ ಇಳಿದರೂ ಮೇ ತಿಂಗಳ ಬೆಳಗಿನ ನಾಲ್ಕು ಗಂಟೆ ನಾಲ್ಕು ಗಂಟೆಯೇ ತಾನೇ.

ಈಗ ಮಾತುಕತೆಯಲ್ಲಿರುವ ಜಾಗ ಮಾದಾಪುರದ ದಾರಿಯಲ್ಲಿದೆ. ಒಂದೂವರೆ ಎಕರೆ ಹಳೇ ರೋಬಸ್ಟಾ, ಸಿಲ್ವರ್ ಓಕ್ ಮೇಲೆ ಒಂದಿಷ್ಟು ಮೆಣಸು, ಕೆಳಗೆ ಅರ್ಧ ಎಕರೆ ಪಾಳು ಬಿದ್ದ ಗದ್ದೆ. ಕಕ್ಕಡದಲ್ಲಿ ಹೋಗಿ ನೋಡಿದ್ದೇನೆ. ಪಕ್ಕದ ತೋಟದವರ ಮಳೆ ಪುಸ್ತಕವೂ ಸಿಕ್ಕಿದೆ. ಕಾಗದ ವಕೀಲರ ಹತ್ತಿರ ಇದೆ. ಗದ್ದೆಯ ವಿಷಯದಲ್ಲಿ ಮಾತ್ರ ನನಗೂ ಮಾವನಿಗೂ ಇನ್ನೂ ಒಪ್ಪಂದವಾಗಿಲ್ಲ. ಅದನ್ನು ಮುಚ್ಚಿ ಅಡಿಕೆ ಹಾಕು ಎಂದು ಅಕ್ಕಪಕ್ಕದವರು ಹೇಳುತ್ತಿದ್ದಾರೆ. ನನಗೆ ಭತ್ತವೇ ಇರಲಿ ಅಂತಿದೆ. ತುಂಗಾವೋ ಇಂಟಾನೋ ತಳಿ ಹಾಕಿ, ಪುತ್ತರಿ ಸುಗ್ಗಿಹಬ್ಬಕ್ಕೆ ನಮ್ಮದೇ ಗದ್ದೆಯ ಕದಿರು ತರಬೇಕೆಂಬ ಆಸೆ ಒಂದು ಕಡೆ. ಗದ್ದೆಯಲ್ಲಿ ನೀರು ನಿಂತರೆ ಕೆಳಗಿನ ಬಾವಿಗೂ ಆಸರೆ ಅನ್ನುವುದು ಇನ್ನೊಂದು ಕಡೆ.

"ಭತ್ತ ಹಾಕು, ಯಾರು ಬೇಡ ಅಂದರು?" ಅಂದರು ಮಾವ. "ನಾಟಿಗೆ ಜುಲೈ ಕೊನೆಯಲ್ಲಿ ಒಂದು ವಾರ ಬೇಕು. ನಿನ್ನ ಹಾಳೆಯಲ್ಲಿ ಆ ವಾರ ಎಲ್ಲಿದೆ ತೋರಿಸು."

"ರಜೆ ಕೇಳಿದ್ದೇನೆ ಮಾವ."

"ಕೊಟ್ಟರಾ?"

"ಇನ್ನೂ ಇಲ್ಲ. ಆ ವಾರ ಆಫೀಸಿನಲ್ಲಿ ಆಡಿಟ್ ಇದೆಯಂತೆ."